ಸುದ್ದಿಕಟ್ಟೆ

ಆ ಊರಿಗೊಂದು ಹೆಸರಿತ್ತು. ಹೇಳಿದರೆ ಅಲ್ಲಿಯವರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಹೇಳದಿದ್ದರೆ ಪಕ್ಕದ ಊರಿನ ಕಥೆ ಎಂದುಕೊಂಡು ಸಂತೋಷವಾಗಿ ಕೇಳುತ್ತಾರೆ. ಇರಲಿ, ಹೇಳುವುದಿಲ್ಲ.

ಆ ಊರಿನಲ್ಲಿ ಪಾಪ ಕಣ್ಣಿಗೆ ಕಾಣುತ್ತಿತ್ತು. ಇರುವೆಗಾಗಲಿ ಎತ್ತಿಗಾಗಲಿ ನೋವಾದರೆ, ನೋಯಿಸಿದವರ ಮೈಮೇಲೆ ಎಲ್ಲಿಂದಲೋ ಕೆಂಪು ಧೂಳು ಬಂದು ಕೂರುತ್ತಿತ್ತು. ತೊಳೆದರೆ ಹೋಗುತ್ತಿರಲಿಲ್ಲ, ಕೊಡವಿದರೆ ಉದುರುತ್ತಿರಲಿಲ್ಲ. ಅದಕ್ಕೆ ತೂಕವೂ ಇತ್ತು. ಹೆಚ್ಚು ಧೂಳು ಹತ್ತಿದವರು ನಡೆಯುವಾಗ ಏದುಸಿರು ಬಿಡುತ್ತಿದ್ದರು, ಇನ್ನೂ ಹೆಚ್ಚು ಹತ್ತಿದವರು ಕೂತಲ್ಲಿಂದ ಏಳುತ್ತಿರಲಿಲ್ಲ.

ಊರು ಇನ್ನೂ ಊರಾಗುವ ಮೊದಲು, ಅರಮನೆಯೊಂದರ ಮಗ ಅಲ್ಲಿಗೆ ನಡೆದು ಬಂದಿದ್ದನಂತೆ. ದಾರಿಯಲ್ಲಿ ಕಿರೀಟ ಬಿಟ್ಟ, ಬಟ್ಟೆ ಬಿಟ್ಟ, ಕೊನೆಗೆ ನನ್ನದು ಎಂಬ ಮಾತನ್ನೂ ಬಿಟ್ಟ. ಬೆಟ್ಟದ ಬಂಡೆಯ ಮೇಲೆ ಸುಮ್ಮನೆ ನಿಂತ. ಬಿಸಿಲು ಬಂತು, ನಿಂತ. ಮಳೆ ಬಂತು, ನಿಂತ. ಕಾಲಿಗೆ ಬಳ್ಳಿ ಹಬ್ಬಿತು, ಪಾದದ ಪಕ್ಕ ಹುತ್ತ ಎದ್ದಿತು, ನಿಂತೇ ಇದ್ದ. ಅವನ ಮೈಮೇಲಿನ ಧೂಳು ಕಣಕಣವಾಗಿ ಸವೆದು, ಒಂದು ದಿನ ಅವನ ಮೇಲೆ ಏನೂ ಉಳಿಯಲಿಲ್ಲ. ಹೋಗುವ ಮುಂಚೆ ನಾಲ್ಕು ಮಾತು ಹೇಳಿದ. ಎಲ್ಲ ಜೀವಕ್ಕೂ ಬದುಕುವ ಆಸೆ ಇದೆ. ನೋಯಿಸಬೇಡ, ನೋಯಿಸುವಂತೆ ಮಾಡಬೇಡ, ನೋಯಿಸಿದವರನ್ನು ಕಂಡು ಒಳ್ಳೆಯದಾಯಿತು ಎನ್ನಬೇಡ. ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡ. ಅವರವರ ಧೂಳು ಅವರವರೇ ಸವೆಸಬೇಕು.

ಜನ ಅವನನ್ನು ಮೊದಲು ನಡೆದವನು ಎಂದು ಕರೆದರು, ಬೆಟ್ಟದ ಕೆಳಗೆ ಊರು ಕಟ್ಟಿಕೊಂಡರು. ಇಷ್ಟು ಸರಳವಾದ ಮಾತನ್ನು ಪಾಲಿಸುವುದಕ್ಕಿಂತ ಪೂಜಿಸುವುದು ಸುಲಭ ಎಂದು ಅವರಿಗೆ ಬೇಗನೆ ಗೊತ್ತಾಯಿತು. ದಿನಾ ಬೆಳಿಗ್ಗೆ ಮಿಂದು, ಬಿಳಿ ಉಟ್ಟು, ಉಸಿರಿಗೆ ಹುಳ ಸಾಯಬಾರದೆಂದು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತು ಹೇಳುತ್ತಿದ್ದರು: ಮಾಡೆನು, ಮಾಡಿಸೆನು, ಮಾಡಿದವರ ಮೆಚ್ಚೆನು. ರಾಗವಾಗಿ ಹೇಳುತ್ತಿದ್ದರು. ಕೇಳಿದವರ ಕಣ್ಣಲ್ಲಿ ನೀರು ಬರಬೇಕು, ಹಾಗೆ.

ಹೇಳಿ ಮುಗಿಸಿ ಒಬ್ಬೊಬ್ಬರಾಗಿ ಊರ ಕೊನೆಯ ಸುದ್ದಿಕಟ್ಟೆಗೆ ಬರುತ್ತಿದ್ದರು.

ಕಟ್ಟೆಯ ನಡುವೆ ಒಂದು ಬೇವಿನ ಮರ. ಮರದ ಹಿಂದೆ ಒಂದು ಗುಡಿಸಲು. ಗುಡಿಸಲಲ್ಲಿ ಧೂಳಿನವಳು ಮತ್ತು ಅವಳ ಮಗಳು. ಬಂದವರು ಧೂಳಿನವಳ ಮುಖ ನೋಡುತ್ತಿರಲಿಲ್ಲ, ಅವಳಿಗೆ ಇಂಥದ್ದು ಮಾಡು ಎಂದು ಹೇಳುತ್ತಿರಲಿಲ್ಲ. ಹೇಳಿದರೆ ಮಾಡಿಸಿದಂತಾಗುತ್ತದಲ್ಲ! ಮರದ ಕಡೆ ಮುಖ ಮಾಡಿ ಸುದ್ದಿ ಹೇಳುತ್ತಿದ್ದರು, ಅಷ್ಟೆ. ನಮ್ಮ ಹಿತ್ತಲಲ್ಲಿ ಹುತ್ತ ಎದ್ದಿದೆಯಂತೆ. ಕಣಜಕ್ಕೆ ಇಲಿ ಬಿದ್ದಿವೆಯಂತೆ. ನಮ್ಮ ಮುದಿ ಎತ್ತು ಸುಮ್ಮನೆ ಮೇವು ತಿನ್ನುತ್ತಿದೆಯಂತೆ. ಸುದ್ದಿ ಹೇಳಿ ಹೋಗುವಾಗ ಸೇರು ಜೋಳವನ್ನು ಕಟ್ಟೆಯ ಮೇಲೆ ಮರೆತು ಹೋಗುತ್ತಿದ್ದರು. ಕೊಟ್ಟರೆ ತಪ್ಪು, ಮರೆತರೆ ತಪ್ಪಿಲ್ಲ. ಆ ಊರಿನವರಷ್ಟು ನಿಯಮವಾಗಿ ಮರೆಯುವವರನ್ನು ಇನ್ನೆಲ್ಲೂ ಕಾಣಲಾರಿರಿ.

ಮರಕ್ಕೆ ಕೈ ಇಲ್ಲ. ಧೂಳಿನವಳಿಗೆ ಇತ್ತು. ಅವಳಿಗೆ ಹೊಟ್ಟೆಯೂ ಇತ್ತು, ಮಗಳೂ ಇದ್ದಳು. ಅವಳು ಗುದ್ದಲಿ ಹಿಡಿದು ಹೋಗುತ್ತಿದ್ದಳು, ಧೂಳು ಹೊತ್ತು ಬರುತ್ತಿದ್ದಳು.

ಆದರೂ ಧೂಳಿಗೆ ಯಾರ ದಾಕ್ಷಿಣ್ಯವೂ ಇರಲಿಲ್ಲ. ಸುದ್ದಿ ಹೇಳಿದವರಿಗೂ ಅಷ್ಟಿಷ್ಟು ಹತ್ತುತ್ತಿತ್ತು, ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ, ಬಿಳಿ ಬಟ್ಟೆಯ ಒಳಗೆ. ಅದಕ್ಕೂ ಊರು ದಾರಿ ಕಂಡುಕೊಂಡಿತ್ತು. ಮುಂಗಾರಿನ ಮುಂಚೆ ಕ್ಷಮೆಯ ದಿನ ಬರುತ್ತಿತ್ತು. ಅಂದು ಊರಿಗೆ ಊರೇ ಕಟ್ಟೆಗೆ ಬಂದು, ಕೈ ಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಬೇಕು ಎನ್ನುತ್ತಿತ್ತು. ಧೂಳಿನವಳು ಕ್ಷಮಿಸಿದೆ ಎನ್ನಬೇಕು. ಅಂದ ಕೂಡಲೇ ಅವರ ಮೈಯ ಧೂಳು ಜಾರಿ ಇವಳ ಮೈಗೆ ಬರುತ್ತಿತ್ತು. ಅವರು ಹಗುರಾಗಿ, ಕಣ್ಣೊರೆಸಿಕೊಂಡು, ಸಿಹಿ ಹಂಚಿಕೊಂಡು ಮನೆಗೆ ಹೋಗುತ್ತಿದ್ದರು.

ಧೂಳಿನವಳ ತಾಯಿ ಹಾಗೆ ಕ್ಷಮಿಸಿ ಕ್ಷಮಿಸಿಯೇ ಸತ್ತಳು. ಕೊನೆಗೆ ರೆಪ್ಪೆ ಎತ್ತಲೂ ಆಗುತ್ತಿರಲಿಲ್ಲ. ಅವಳ ಹೆಣ ಎಷ್ಟು ಭಾರವಿತ್ತೆಂದರೆ ಎತ್ತಲಾಗದೆ ಅವಳು ಮಲಗಿದ್ದಲ್ಲೇ ಗುಂಡಿ ತೋಡಿದ್ದರು. ತೋಡಿದವಳು ಈ ಧೂಳಿನವಳೇ. ಆ ಗುಂಡಿಯಲ್ಲಿ ಸತ್ತ ಎರೆಹುಳುಗಳ ಧೂಳೂ ಅವಳಿಗೇ ಬಂತು.

ಈಗ ಅವಳ ಸರದಿ. ಮೊಣಕಾಲು ಮಡಚುವಾಗ ಕರಕರ ಸದ್ದಾಗುತ್ತಿತ್ತು. ಊರಿನವರ ಕಣ್ಣು ಆಗಲೇ ಮಗಳ ಮೇಲೆ ಬಿದ್ದಿತ್ತು. ಊರ ಹಿರಿಯ ಒಂದು ಬೆಳಿಗ್ಗೆ ಬಂದು ಮರಕ್ಕೆ ಹೇಳಿದ, “ಈ ಸಲ ಕ್ಷಮೆಯ ದಿನ ಹೊಸಬರು ಕಟ್ಟಿ ಮ್ಯಾಲ ಕೂಡ್ತಾರಂತ. ಹಳಬರಿಗೆ ದಣಿವಾಗೇತಂತ.”

ಧೂಳಿನವಳು ಒಲೆಯ ಮುಂದೆ ಕೂತಿದ್ದಳು. ಮಗಳು ಜೋಳದ ಹಿಟ್ಟಿನಲ್ಲಿದ್ದ ಹುಳವನ್ನು ಬೆರಳ ತುದಿಯಿಂದ ಎತ್ತಿ ಎಲೆಯ ಮೇಲೆ ಬಿಡುತ್ತಿದ್ದಳು. ಆ ಬೆರಳುಗಳ ಮೇಲೆ ಒಂದು ಕಣ ಧೂಳಿರಲಿಲ್ಲ. ಇಷ್ಟು ವರ್ಷ ತಾಯಿ ಅವಳ ಕೈಗೆ ಗುದ್ದಲಿ ಕೊಟ್ಟಿರಲಿಲ್ಲ. ಒಣ ಕಟ್ಟಿಗೆಯನ್ನು ಕೂಡ ತಾನೇ ಮುರಿಯುತ್ತಿದ್ದಳು. ಅವಳು ಆ ಕೈಗಳನ್ನೇ ನೋಡಿದಳು.

“ನೀ ಆ ಮಾತು ಅನ್ನಬ್ಯಾಡ,” ಅಂದಳು ಮಗಳಿಗೆ. “ನಾಲಿಗಿ ಕಚ್ಚಿಕೊ. ಆದ್ರ ಕ್ಷಮಿಸೀನಿ ಅನ್ನಬ್ಯಾಡ.”

ಮಗಳು ಇನ್ನೊಂದು ಹುಳ ಎತ್ತಿ ಎಲೆಯ ಮೇಲೆ ಬಿಟ್ಟಳು. ಅವಳು ಮೆದು ಮನಸ್ಸಿನವಳು. ಯಾರಾದರೂ ಕೈ ಮುಗಿದರೆ ಅವಳಿಗೆ ತಾನೇ ತಪ್ಪು ಮಾಡಿದಂತೆ ಆಗುತ್ತಿತ್ತು. ತಾಯಿಗೆ ಇದ್ದ ಹೆದರಿಕೆ ಅದೊಂದೇ.

ಅದೇ ವಾರ ಇನ್ನೊಂದು ಸುದ್ದಿ ಬಂತು. ಹಿಂದೊಮ್ಮೆ ಬಂದು ಹೋಗಿದ್ದ, ದೇಶ ಸುತ್ತುವ ಸ್ವಾಮಿಯೊಬ್ಬರು ಮಳೆಗಾಲ ಕಳೆಯಲು ಮತ್ತೆ ಊರಿಗೆ ಬರುತ್ತಿದ್ದರು. ಮೈಮೇಲೆ ಬಟ್ಟೆ ಇಲ್ಲ, ತಲೆಯ ಮೇಲೆ ಸೂರಿಲ್ಲ. ಅವರದೆಂಬುದು ಒಂದು ಕಮಂಡಲು, ಒಂದು ಪಿಂಛಿ. ಪಿಂಛಿ ಎಂದರೆ ನವಿಲುಗರಿಯ ಮೆತ್ತನೆಯ ಕಟ್ಟು. ಕೂರುವ ಮುಂಚೆ, ಕಾಲಿಡುವ ಮುಂಚೆ ಅದರಿಂದ ನೆಲವನ್ನು ಸವರಿ ಹುಳುಹುಪ್ಪಟೆಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಪಿಂಛಿ ಇಲ್ಲದೆ ಅವರು ನಡೆಯುವಂತಿಲ್ಲ. ನವಿಲು ತಾನಾಗಿ ಉದುರಿಸಿದ ಗರಿಯಿಂದಲೇ ಅದನ್ನು ಕಟ್ಟಬೇಕು. ಊರಿಗೆ ಹೊಸ ಪಿಂಛಿ ಒಪ್ಪಿಸುವ ಆಸೆ. ಗರಿ ಉದುರುವುದು ಮಳೆಗಾಲದ ಕೊನೆಗೆ. ಅಷ್ಟು ಕಾಯುವುದಕ್ಕೆ ಊರಿಗೆ ಪುರುಸೊತ್ತಿರಲಿಲ್ಲ.

“ಈ ವರ್ಷ ನವಿಲು ಇನ್ನೂ ಗರಿ ಉದುರಿಸಿಲ್ಲಂತ,” ಎಂದು ಹಿರಿಯ ಮರಕ್ಕೆ ಹೇಳಿ, ಎಂದಿಗಿಂತ ಹೆಚ್ಚು ಜೋಳ ಮರೆತು ಹೋದ.

ಧೂಳಿನವಳು ಕಾಡಿಗೆ ಹೋದಳು. ನವಿಲಿನ ರೆಕ್ಕೆಯ ಮೇಲೆ ಮೊಣಕಾಲೂರಿ ಗರಿ ಕಿತ್ತಳು. ಅದು ಕೂಗಿದ ಕೂಗಿಗೆ ಕಾಡಿನ ಬೇರೆ ಹಕ್ಕಿಗಳೆಲ್ಲ ಸುಮ್ಮನಾದವು. ಗರಿಯ ಬುಡದಲ್ಲಿ ರಕ್ತವಿತ್ತು. ಅದನ್ನು ಹಳ್ಳದ ನೀರಲ್ಲಿ ತೊಳೆದು ತಂದು ಮರದ ಬುಡದಲ್ಲಿಟ್ಟಳು. ಬೆಳಿಗ್ಗೆ ಬಂದವರು, “ಅಯ್ಯೋ, ಗರಿ ಉದುರ್ಯಾವಲ್ಲ!” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಎತ್ತಿಕೊಂಡು ಹೋದರು. ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಅದನ್ನು ಕಂಡು ಅವಳಿಗೆ ಬಂದ ಸಿಟ್ಟಿಗೆ ಸಾಟಿಯೇ ಇರಲಿಲ್ಲ. ಸುಳ್ಳು ಹೇಳಿದ್ದರೆ ಸಹಿಸುತ್ತಿದ್ದಳು. ಅವರು ನಂಬಿಬಿಟ್ಟಿದ್ದರು.

ಸ್ವಾಮಿ ಬಂದರು. ಊರು ಬೀದಿ ಗುಡಿಸಿತು, ಮಂತ್ರ ಹೇಳಿತು, ಹೊಸ ಪಿಂಛಿ ಒಪ್ಪಿಸಿ ಹಳೆಯದನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟಿತು. ಸ್ವಾಮಿ ಪಿಂಛಿಯಿಂದ ನೆಲ ಸವರುತ್ತ, ಹೆಜ್ಜೆ ಇಡುತ್ತ, ಮತ್ತೆ ಸವರುತ್ತ ಊರೆಲ್ಲ ನಡೆದರು. ಯಾರೂ ಕರೆಯದಿದ್ದರೂ ಈ ಸಲ ಸುದ್ದಿಕಟ್ಟೆಗೂ ಬಂದರು. ಬಂದು, ಆ ಊರಿನಲ್ಲಿ ಯಾರೂ ಮಾಡದ ಕೆಲಸವನ್ನು ಮಾಡಿದರು. ಧೂಳಿನವಳ ಮುಖವನ್ನು ನೇರವಾಗಿ ನೋಡಿದರು.

“ತಾಯಿ, ಇಷ್ಟು ಧೂಳು ಒಬ್ಬರದಾಗಿರಲಾರದು,” ಎಂದರು.

ಅವಳಿಗೆ ಆ ಮೆತ್ತನೆಯ ಮಾತಿಗೇ ರೇಗಿತು. “ನಿಮ್ಮ ಕೈಯಾಗ ಇರೋ ಗರಿ ಎಲ್ಲಿಂದ ಬಂತು, ಗೊತ್ತೈತೇನ್ರಿ ಸ್ವಾಮಿ?”

“ಉದುರಿದ್ದು ಎಂದರು.”

“ನಾ ಕಿತ್ತೀನ್ರಿ. ಜೀವಂತ ನವಿಲಿನ ಮೈಯಾಗಿಂದ. ಅದು ಒದರಿದ್ದು ನಿಮ್ಮ ಮಂತ್ರದಾಗ ಕೇಳಿರಲಿಕ್ಕಿಲ್ಲ. ಇರುವಿ ಉಳಸಾಕ ನವಿಲಿನ ಗರಿ ಕೀಳಸ್ತಾರ, ನೀವು ಹಿಡಕೊಂಡು ಅಡ್ಡಾಡ್ತೀರಿ. ಕೇಳಬೇಕಿತ್ತಿಲ್ಲೋ? ಬಾಯಿಗೆ ಬಟ್ಟಿ ನಿಮಗೂ ಕಟ್ಯಾರೇನು?”

ಹಿಂದೆ ಬರುತ್ತಿದ್ದ ಊರಿನವರು ಎರಡು ಹೆಜ್ಜೆ ಹಿಂದೆ ಸರಿದರು. ಸ್ವಾಮಿ ಪಿಂಛಿಯನ್ನು ನೋಡಿದರು. ಬಗ್ಗಿ, ಮಗುವನ್ನು ಮಲಗಿಸುವ ಹಾಗೆ ಅದನ್ನು ಕಟ್ಟೆಯ ಮೇಲಿಟ್ಟರು. ಅವರ ಅಂಗೈ ಕೆಂಪಾಗಿತ್ತು.

“ಕೇಳಬೇಕಿತ್ತು,” ಎಂದರು. “ಕೇಳಲಿಲ್ಲ. ಈ ಧೂಳು ನನ್ನದು.”

ಅವಳು ಕಾದಳು. ಇನ್ನು ಇವರೂ ಕೈ ಮುಗಿಯುತ್ತಾರೆ, ಕ್ಷಮಿಸು ಎನ್ನುತ್ತಾರೆ, ಆ ಕೆಂಪೂ ನನ್ನ ಮೈಗೇ ಬರುತ್ತದೆ ಎಂದುಕೊಂಡಳು. ಸ್ವಾಮಿ ಕೈ ಮುಗಿಯಲಿಲ್ಲ. ಪಿಂಛಿ ಇಲ್ಲದೆ ಹೆಜ್ಜೆ ಇಡುವಂತಿರಲಿಲ್ಲ. ಹಾಗಾಗಿ ನಿಂತಲ್ಲೇ ನಿಂತರು.

ಹಿರಿಯ ಓಡಿಬಂದು ಹಳೆಯ ಪಿಂಛಿಯನ್ನು ಚಾಚಿದ. ಸ್ವಾಮಿ ಕೇಳಿದರು, “ಇದನ್ನೂ ಹಿಂದೆ ಬಂದಾಗ ನಿಮ್ಮ ಊರೇ ಕೊಟ್ಟದ್ದು. ಇದರ ಗರಿ ಎಲ್ಲಿಯದು?” ಹಿರಿಯ ಮರದ ಕಡೆ ನೋಡಿದ. ಸ್ವಾಮಿ ಅದನ್ನು ಮುಟ್ಟಲಿಲ್ಲ.

ದಿನಗಳು ಕಳೆದವು. ಸ್ವಾಮಿ ಉಣ್ಣಲಿಲ್ಲ, ನೀರು ಕುಡಿಯಲಿಲ್ಲ, ಬಿಸಿಲಿಗೆ ನಿಂತೇ ಇದ್ದರು. ಊರು ಕಂಗಾಲಾಯಿತು. ಅವರ ಜೀವಕ್ಕಾಗಿ ಎಂದು ಹೇಳಿಕೊಂಡರು. ಸ್ವಾಮಿ ಇಲ್ಲೇ ಸತ್ತರೆ ಧೂಳು ಯಾರಿಗೆ ಹತ್ತುತ್ತದೆ ಎಂಬ ಲೆಕ್ಕವೂ ಒಳಗೊಳಗೇ ನಡೆದಿತ್ತು. ಹಿರಿಯ ಊರ ಪಂಡಿತನನ್ನು ಕರೆದುಕೊಂಡು ಕಟ್ಟೆಗೆ ಬಂದ.

ಮೊದಲು ನಡೆದವನು ಇನ್ನೊಂದು ಮಾತನ್ನೂ ಹೇಳಿದ್ದ. ಸತ್ಯಕ್ಕೆ ಹಲವು ಮುಖಗಳಿವೆ, ನೀನು ಕಂಡದ್ದೇ ಪೂರ್ತಿಯಲ್ಲ, ತಗ್ಗಿ ನಡೆ ಎಂದಿದ್ದ. ಪಂಡಿತ ಆ ಮಾತನ್ನು ಹಿತ್ತಲ ಬಾಗಿಲು ಮಾಡಿಕೊಂಡಿದ್ದ. ಸಿಕ್ಕಿಬಿದ್ದಾಗಲೆಲ್ಲ ಅದರಲ್ಲೇ ನುಸುಳುತ್ತಿದ್ದ.

“ಒಂದು ನೋಟದಿಂದ ಗರಿ ಕಿತ್ತದ್ದು ಹೌದು,” ಎಂದ ಪಂಡಿತ ಮರಕ್ಕೆ. “ಇನ್ನೊಂದು ನೋಟದಿಂದ ಮುಂದೆ ಉದುರಲಿದ್ದ ಗರಿ ಸ್ವಲ್ಪ ಬೇಗ ಉದುರಿದೆ. ಮತ್ತೊಂದು ನೋಟದಿಂದ ಇದನ್ನು ಮಾತಲ್ಲಿ ಹೇಳಲಾಗದು.”

“ನವಿಲಿನ ನೋಟದಾಗ ಏನೈತ್ರಿ ಪಂಡಿತ್ರ?” ಅಂದಳು ಧೂಳಿನವಳು.

ಪಂಡಿತ ಕೆಮ್ಮಿದ. ಮರದೊಂದಿಗೆ ಮಾತಾಡುವಾಗ ಮರ ಉತ್ತರ ಕೊಡಬಾರದಿತ್ತು. ಅವರು ಹೋದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಊರನ್ನು, ಮರವನ್ನು, ಸತ್ತ ತಾಯಿಯನ್ನು, ಎಲ್ಲರನ್ನೂ ಬೈದಳು. ಬೈಯುತ್ತಿದ್ದಂತೆ ಭುಜದ ಮೇಲೆ ಹೊಸದಾಗಿ ಸ್ವಲ್ಪ ಧೂಳು ಬಂದು ಕೂತಿತು.

ಸ್ವಾಮಿ ಅದನ್ನು ಕಂಡರು. ದನಿ ಕ್ಷೀಣವಾಗಿತ್ತು. “ಸಿಟ್ಟೂ ಧೂಳೇ, ತಾಯಿ.”

“ಇರಲೇಳ್ರಿ,” ಅಂದಳು ಅವಳು. “ಇಷ್ಟು ವರ್ಷ ಕ್ಷಮಿಸಿ ಕ್ಷಮಿಸಿ ಮಂದಿ ಧೂಳು ಹೊತ್ತೀನಿ. ಇದೊಂದು ನನ್ನ ಸ್ವಂತದ್ದು.”

ಸ್ವಾಮಿ ಆ ಮಾತನ್ನು ಅಲ್ಲಗಳೆಯಲಿಲ್ಲ. ಅವಳ ಮೈಯ ಧೂಳನ್ನೇ ನೋಡುತ್ತ ಹೇಳಿದರು, “ಒಬ್ಬರ ಧೂಳು ಇನ್ನೊಬ್ಬರಿಗೆ ಹೋಗುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇಲ್ಲಿ ಅದಕ್ಕೆ ಬಾಗಿಲು ಒಂದೇ, ಕ್ಷಮಿಸಿದೆ ಎನ್ನುವ ಆ ಒಂದು ಮಾತು.”

“ಬಾಗಿಲಾ ಹಾಕಿದ್ರ ಜೋಳ ಯಾರು ಕೊಡ್ತಾರ್ರಿ?” ಅಂದಳು. ಸ್ವಾಮಿ ತಮ್ಮ ಅಂಗೈ ನೋಡಿಕೊಂಡರು. ಅದರ ಕೆಂಪು ದಿನದಿನಕ್ಕೆ ತೆಳುವಾಗುತ್ತಿದ್ದುದನ್ನು ತಾಯಿಯೂ ನೋಡಿದಳು, ಮಗಳೂ ನೋಡಿದಳು.

ಕ್ಷಮೆಯ ದಿನ ಬಂತು. ಊರೆಲ್ಲ ಬಿಳಿ ಉಟ್ಟು ಸಾಲಾಗಿ ಬಂತು. ಮಗಳು ಕಟ್ಟೆಯ ಮೇಲೆ ಕೂತಳು, ತಾಯಿ ಪಕ್ಕದಲ್ಲಿ. ತುಸು ದೂರದಲ್ಲಿ ಸ್ವಾಮಿ ನಿಂತಿದ್ದರು. ಸಾಲಿನ ಮೊದಲಿಗೆ ಹಿರಿಯ. ಅವನು ಕಣ್ಣು ತುಂಬಿಕೊಂಡು ಕೈ ಮುಗಿದ. “ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಬೇಕು ತಾಯಿ.”

ಮಗಳು ಬಾಯಿ ತೆರೆದಳು. ಧೂಳಿನವಳು ಮಗಳ ಕಡೆ ತಿರುಗಿದಳು. ಇವಳು ಅಂದುಬಿಡುತ್ತಾಳೆ, ಮೆದು ಮನಸ್ಸಿನವಳು, ಅಂದೇಬಿಡುತ್ತಾಳೆ. ಎದ್ದು ಮಗಳ ಬಾಯಿ ಮುಚ್ಚಬೇಕೆನಿಸಿತು. ಮೈಯ ಭಾರಕ್ಕೆ ಕೈ ಏಳಲಿಲ್ಲ.

“ತಿಳೀಲಾರದ್ದು ಇರಲ್ರಿ ಅಜ್ಜಾರ,” ಅಂದಳು ಮಗಳು, ಮೆಲ್ಲಗೆ. “ತಿಳಿದದ್ದು ಹೇಳ್ರಿ.”

ಹಿರಿಯನಿಗೆ ಅರ್ಥವಾಗಲಿಲ್ಲ. “ಏನು?”

“ತಿಳಿದು ನೋಯಿಸಿದ್ದು ಯಾವುದು, ಅದನ್ನ ಹೇಳ್ರಿ. ಯಾರ್ನ? ನಮ್ಮ ಅಜ್ಜೀನೋ, ನಮ್ಮವ್ವನ್ನೋ? ಯಾವ ಎತ್ತು, ಯಾವ ನವಿಲು? ಹೆಸರು ಹಿಡಿದು ಹೇಳ್ರಿ, ಕೇಳ್ತೀನಿ.”

ಹಿರಿಯ ಬಾಯಿ ತೆರೆದ. ಹೇಳಿದರೆ ಮಾಡಿಸಿದ್ದು ಹೌದೆಂದಾಗುತ್ತದೆ. ಹೇಳದಿದ್ದರೆ ಧೂಳು ಹೋಗುವುದಿಲ್ಲ. ಅವನ ಕಣ್ಣೀರು ಅಷ್ಟು ಬೇಗ ಒಣಗಿದ್ದನ್ನು ಕಂಡು ಸಾಲಿನಲ್ಲಿದ್ದವರಿಗೂ ಇರುಸುಮುರುಸಾಯಿತು. ಅವನು ಸಾಲಿನ ಕಡೆ ತಿರುಗಿದ, ಸ್ವಾಮಿಯ ಕಡೆ ತಿರುಗಿದ, ಯಾರಿಂದಲೂ ಏನೂ ಸಿಗದಾಗ ಮರದ ಕಡೆ ತಿರುಗಿದ.

“ಕಟ್ಟಿ ಮ್ಯಾಲ ಎರಡು ಜೀವ ಕುಂತು ಊರಿಗೆಲ್ಲ ತೊಂದ್ರಿ ಕೊಡಾಕತ್ತಾವಂತ,” ಎಂದ.

ಸಾಲಿನ ಕಣ್ಣೆಲ್ಲ ಮರದ ಕಡೆ ತಿರುಗಿತು. ಆಮೇಲೆ ಯಾರೋ, “ಹೌದಂತ,” ಎಂದರು. ಇನ್ನೊಬ್ಬರು, “ಹೌದಂತ.” ಬಿಳಿ ಬಟ್ಟೆಗಳ ಒಳಗಿಂದ ಆ ಮಾತು ಸಾಲಿನ ಕೊನೆಯವರೆಗೂ ಹೋಯಿತು. ಆ ಊರಿನಲ್ಲಿ ಸುದ್ದಿ ಹೇಳಿದ ಮೇಲೆ ಕೆಲಸ ತಾನಾಗಿ ಆಗುತ್ತಿತ್ತು. ಎಲ್ಲರೂ ಕಾದರು. ಕೆಲಸ ಮಾಡುವ ಕೈಗಳು ಕಟ್ಟೆಯ ಮೇಲೆಯೇ ಕೂತಿವೆ ಎಂಬುದು ಅವರಿಗೆ ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಧೂಳಿನವಳಿಗೆ ಕೂಡಲೇ ಹೊಳೆದಿತ್ತು. ತನ್ನನ್ನೂ ತನ್ನ ಮಗಳನ್ನೂ ಕೊಲ್ಲುವ ಕೆಲಸವನ್ನು ಊರು ತನಗೇ ಹೇಳುತ್ತಿದೆ. ಅವಳು ನಕ್ಕುಬಿಟ್ಟಳು. ಸಿಟ್ಟು ಅಷ್ಟು ಮೇಲೆ ಹೋದಾಗ ಬರುವ ನಗು ಅದು. “ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಮಾಡೀನಿ,” ಅಂದಳು. “ಇದನ್ನ ನೀವಽ ಮಾಡ್ರಿ.”

ಮಗಳು ಒಳಗೆ ಹೋಗಿ ಗುದ್ದಲಿ ತಂದಳು. ಎಂದೂ ಮುಟ್ಟದ ಗುದ್ದಲಿಯ ಹಿಡಿಯನ್ನು ಹಿರಿಯನ ಕಡೆ ತಿರುಗಿಸಿ ಕಟ್ಟೆಯ ಅಂಚಿನಲ್ಲಿಟ್ಟು ಮತ್ತೆ ಕೂತಳು.

ಹಿರಿಯ ಗುದ್ದಲಿಯನ್ನು ನೋಡಿದ. ಅವನ ಕೈ ಅಲ್ಲಾಡಿತು. ಒಂದು ಗೇಣು ಮುಂದೆ ಹೋಯಿತು, ಅಷ್ಟೇ. ಹಿಡಿಯನ್ನು ಮುಟ್ಟಲೂ ಇಲ್ಲ. ಅಷ್ಟರಲ್ಲೇ ಬೆರಳ ತುದಿಯಿಂದ ಮೊಣಕೈವರೆಗೆ, ಮೊಣಕೈಯಿಂದ ಹೆಗಲವರೆಗೆ ಕೆಂಪು ಹತ್ತಿತು. ಅವನು ಕಿರುಚಿ ಕೈ ಹಿಂದೆ ಎಳೆದುಕೊಂಡ. ಎಳೆದುಕೊಂಡರೂ ಕೆಂಪು ಹೋಗಲಿಲ್ಲ. ಸಾಲಿನಲ್ಲಿ ಹೌದಂತ ಎಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಬಾಯಿಯ ಮೇಲಿನ ಬಿಳಿ ಬಟ್ಟೆ ಒಬ್ಬೊಬ್ಬರದೂ ಒಳಗಿನಿಂದ ಕೆಂಪಾಗುತ್ತಿತ್ತು. ಪಂಡಿತ ಬಟ್ಟೆ ಬಿಚ್ಚಿ ಬಿಸಾಡಿದ. ತುಟಿಯೂ ಕೆಂಪಾಗಿತ್ತು. ಯಾವ ನೋಟದಿಂದ ನೋಡಿದರೂ ಕೆಂಪೇ.

“ಯವ್ವಾ,” ಎಂದು ಹೆಂಗಸರು ಮಗಳ ಮುಂದೆ ಕೈ ಮುಗಿದರು. “ಒಂದ್ಸಲ ಕ್ಷಮಿಸೀನಿ ಅಂದ್ಬಿಡು. ಒಂದಽ ಸಲ.”

ಮಗಳ ಕಣ್ಣಲ್ಲಿ ನೀರು ಬಂತು. ಅವರಿಗಾಗಿ ಅವಳಿಗೆ ನಿಜವಾಗಿ ದುಃಖವಾಯಿತು. ಆದರೂ ಬಾಯಿ ತೆರೆಯಲಿಲ್ಲ. ಕಟ್ಟೆಯಿಂದ ಇಳಿದು ಸ್ವಾಮಿಯ ಮುಂದೆ ಕೂತು, ಸೆರಗಿನ ತುದಿಯನ್ನು ಮೆತ್ತಗೆ ಮಡಚಿ ಅವರ ಕಾಲ ಮುಂದಿನ ನೆಲವನ್ನು ಸವರಿದಳು. ಒಂದು ಕರಿ ಇರುವೆ ಸೆರಗನ್ನು ಹತ್ತಿ ಇಳಿದು ಪಕ್ಕಕ್ಕೆ ಹೋಯಿತು. ಸ್ವಾಮಿ ಆ ಜಾಗಕ್ಕೆ ಹೆಜ್ಜೆ ಇಟ್ಟರು. ಅವಳು ಮುಂದಕ್ಕೆ ಸವರಿದಳು, ಅವರು ಮತ್ತೊಂದು ಹೆಜ್ಜೆ ಇಟ್ಟರು. ಹಾಗೆ ಸವರುತ್ತ, ನಡೆಯುತ್ತ, ಊರ ಹೊರಗಿನ ದಾರಿ ಹಿಡಿದರು.

ಧೂಳಿನವಳು ಎದ್ದಳು. ಏಳುವುದಕ್ಕೇ ಅರ್ಧ ಬೆಳಿಗ್ಗೆ ಹಿಡಿಯಿತು. ಮೈಮೇಲೆ ತನ್ನ ಧೂಳಿತ್ತು, ತಾಯಿ ಬಿಟ್ಟುಹೋದದ್ದಿತ್ತು, ಊರಿನದಿತ್ತು, ಎಲ್ಲದರ ಮೇಲೆ ಹೊಸ ಸಿಟ್ಟಿನದೂ ಇತ್ತು. ಯಾವುದೂ ಕಡಿಮೆಯಾಗಿರಲಿಲ್ಲ. ಮುಂದೆ ಯಾವ ಊರಲ್ಲಿ ಏನು ತಿನ್ನುವುದೆಂದೂ ಗೊತ್ತಿರಲಿಲ್ಲ. ಮಗಳ ಬೆನ್ನನ್ನೇ ನೋಡುತ್ತ ಒಂದೊಂದೇ ಕಾಲೆಳೆದುಕೊಂಡು ಹೊರಟಳು.

“ಏ, ನಿಂದರು!” ಹಿರಿಯ ಕೂಗಿದ. ಅವನು ಮರದ ಕಡೆ ನೋಡಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ್ದ. ಕೆಂಪು ಕೈಯನ್ನು ಅವಳ ಮುಂದೆ ಚಾಚಿದ್ದ. “ಇದನ್ನ ಏನ್ ಮಾಡೋದು?”

ಅವಳು ಆ ಕೈಯನ್ನು ನೋಡಿದಳು.

“ನೀವಽ ಹೊರ್ರಿ,” ಅಂದು ನಡೆದಳು.